ಚರ್ಮದ ಬಣ್ಣವೂ ದಾದಿಯ ಕಣ್ಣೂ

ಎಣ್ಣೆಗೆಂಪು, ಗೋಧಿಬಣ್ಣ, ಕೃಷ್ಣವರ್ಣ ಎಂದು ನಾವು ಜನರ ಮೈಬಣ್ಣವನ್ನು ದಿನವೂ ವರ್ಣಿಸುತ್ತೇವೆ. ವಧೂವರರನ್ನು ಹುಡುಕುವ ಕಾಲದಲ್ಲಂತೂ ನಮ್ಮ ಹಿರಿಯರ ವರ್ಗೀಕರಣವು ಭೌತವಿಜ್ಞಾನಿಯ ರೋಹಿತವನ್ನೂ ಮೀರಿಸುವಂತಿರುತ್ತದೆ! ಆದರೆ ಈ ಬಣ್ಣವು ಗೋಡೆಗೆ ಬಳಿದ ಸುಣ್ಣದಂತೆ ಚರ್ಮದ ಮೇಲೆ ಕುಳಿತಿರುವುದಲ್ಲ. ಮೈಮೇಲೆ ಬಿದ್ದ ಬೆಳಕಿನ ಬಹುಪಾಲು ಒಳಹೊಕ್ಕು ಅಲ್ಲಿ ಚೆದರುತ್ತದೆ; ಕೆಲವಂಶವನ್ನು ಒಳಗಿನ ವಸ್ತುಗಳು ಹೀರಿಕೊಳ್ಳುತ್ತವೆ; ಉಳಿದುದು ಹಿಂದಿರುಗಿ ನಮ್ಮ ಕಣ್ಣನ್ನು ಸೇರುತ್ತದೆ. ಆ ಉಳಿಕೆಗೇ ನಾವು ಬಣ್ಣವೆಂದು ಹೆಸರಿಟ್ಟಿದ್ದೇವೆ. ರೋಗಿಯ ಹಾಸಿಗೆಯ ಬಳಿ ನಿಂತ ದಾದಿಯು ಪ್ರತಿದಿನವೂ ಓದಬೇಕಾದುದು ಈ ಉಳಿಕೆಯ ಲೆಕ್ಕವನ್ನೇ.

ಬೆಳಕನ್ನು ನುಂಗುವ ಪದಾರ್ಥಗಳಲ್ಲಿ ಮುಖ್ಯವಾದವು ಮೂರು. ದೇಹದ ಬಹುಭಾಗಗಳಲ್ಲಿ ಮಿಲಿಮೀಟರಿನ ಹತ್ತನೆಯ ಒಂದರಷ್ಟೇ ದಪ್ಪವಿರುವ ಹೊರಚರ್ಮದಲ್ಲಿ ಮೆಲನಿನ್ ಎಂಬ ಕಂದುವರ್ಣದ ವಸ್ತುವಿದೆ. ಅದರ ಕೆಳಗಿನ ಒಳಚರ್ಮದಲ್ಲಿ ರಕ್ತದ ಹೀಮೊಗ್ಲೋಬಿನ್ ಹರಿಯುತ್ತದೆ. ಕಾಮಾಲೆಯಾದಾಗ ಬಿಲಿರುಬಿನ್ ಎಂಬ ಹಳದಿ ವಸ್ತುವೂ ಅಲ್ಲಿ ಸೇರಿಕೊಳ್ಳುತ್ತದೆ. ಮೆಲನಿನ್ನು ಕಿಟಕಿಗೆ ಹಾಕಿದ ಕಂದುಗಾಜಿನಂತೆ. ರೋಗದ ಸುದ್ದಿಯೆಲ್ಲವೂ ಬಹುತೇಕ ಗಾಜಿನ ಆಚೆಗಿನ ಕೋಣೆಯಲ್ಲಿರುತ್ತದೆ. ಗಾಜು ದಟ್ಟವಾದಷ್ಟೂ ಕೋಣೆಯೊಳಗಿನ ನೋಟ ಮಸುಕಾಗುವುದು ಸಹಜವಷ್ಟೆ.

ಈ ನೋಟಕ್ಕೆ ದಾದಿಯ ಅತ್ಯಂತ ಸರಳವಾದ ಉಪಕರಣ ಅವಳ ಬೆರಳು. ಕೆಂಪಾದ ಜಾಗವನ್ನು ಒತ್ತಿದರೆ ಸೂಕ್ಷ್ಮ ರಕ್ತನಾಳಗಳಲ್ಲಿನ ರಕ್ತ ಪಕ್ಕಕ್ಕೆ ಸರಿದು ಜಾಗ ಬಿಳಿಚುತ್ತದೆ. ಬಿಟ್ಟೊಡನೆ ಮತ್ತೆ ಕೆಂಪಾಗುತ್ತದೆ. ರಕ್ತವು ನಾಳದ ಹೊರಗೆ ಸೋರಿದ್ದರೆ ಎಷ್ಟು ಒತ್ತಿದರೂ ಅದು ಸರಿಯದು. ಜ್ವರಬಂದವನ ಮೈಮೇಲಿನ ಚುಕ್ಕೆಗಳ ಮೇಲೆ ಗಾಜಿನ ಲೋಟವನ್ನು ಒತ್ತಿ, ಗಾಜಿನ ಮೂಲಕವೇ ನೋಡುವ ಕ್ರಮ ಇದರಿಂದಲೇ ಬಂದಿತು. ಮಾಯವಾಗದ ಚುಕ್ಕೆ ರಕ್ತಸ್ರಾವದ ಗುರುತು. ಮೆದುಳುಪೊರೆಗೆ ತಗಲುವ ಒಂದು ಬಗೆಯ ಸೋಂಕಿನಲ್ಲಿ ಕೆಲವೇ ಗಂಟೆಗಳ ವಿಳಂಬವೂ ಪ್ರಾಣಕ್ಕೆ ಎರವಾದೀತು.

ಬಣ್ಣವನ್ನು ಗಮನಿಸುವ ಕಣ್ಣು ಏನನ್ನು ಸಾಧಿಸಬಲ್ಲುದೆಂಬುದಕ್ಕೆ ಇಂಗ್ಲೆಂಡಿನ ಒಂದು ಪ್ರಸಂಗ ಸಾಕ್ಷಿಯಾಗಿದೆ. ಎಸೆಕ್ಸ್ ಪ್ರಾಂತದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ, ದಿನ ತುಂಬದೆ ಹುಟ್ಟಿದ ಶಿಶುಗಳನ್ನು ಸಿಸ್ಟರ್ ವಾರ್ಡ್ ಎಂಬಾಕೆ ನೋಡಿಕೊಳ್ಳುತ್ತಿದ್ದರು. ಬಿಸಿಲು ಹಿತವಾಗಿದ್ದ ದಿನಗಳಲ್ಲಿ ಶಿಶುಗಳನ್ನು ಅಂಗಳಕ್ಕೆ ಕರೆತರುವುದು ಆಕೆಯ ರೂಢಿ. 1956ರಲ್ಲಿ ಒಂದು ದಿನ ಆಕೆ ವೈದ್ಯರಿಗೆ ಒಂದು ಶಿಶುವನ್ನು ತೋರಿಸಿದರು. ಮೈಯೆಲ್ಲ ತಿಳಿಯಾಗಿತ್ತು, ತ್ರಿಕೋನಾಕಾರದ ಒಂದು ಭಾಗ ಮಾತ್ರ ಗಾಢವಾದ ಹಳದಿಯಾಗಿತ್ತು. ಏನಾದರೂ ಔಷಧ ಬಳಿದಿರೇ ಎಂದು ವೈದ್ಯರು ಕೇಳಿದರಂತೆ. ಆ ಭಾಗದ ಮೇಲೆ ಹೊದಿಕೆಯ ಮೂಲೆ ಬಿದ್ದಿತ್ತು. ಬಿಸಿಲು ತಾಗಿದ ಕಡೆಯಲ್ಲೆಲ್ಲ ಕಾಮಾಲೆ ಇಳಿದಿತ್ತು. 1958ರಲ್ಲಿ ಕ್ರೆಮರ್, ಪೆರಿಮನ್, ರಿಚರ್ಡ್ಸ್ ಎಂಬುವರು ಬೆಳಕಿನ ಚಿಕಿತ್ಸೆಯನ್ನು ಕುರಿತು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಸುಮಾರು 460 ನ್ಯಾನೋಮೀಟರು ಅಲೆಯುದ್ದದ ನೀಲಿಬೆಳಕನ್ನು ಬಿಲಿರುಬಿನ್ ಚೆನ್ನಾಗಿ ಹೀರುತ್ತದೆ. ಹೀರಿದಾಗ ಅದರ ಅಣುವಿನ ರೂಪ ಬದಲಾಗಿ, ಶರೀರವು ಅದನ್ನು ಸುಲಭವಾಗಿ ಹೊರಹಾಕುತ್ತದೆ. ಇಂದು ನಮ್ಮ ಹೆರಿಗೆ ಆಸ್ಪತ್ರೆಗಳಲ್ಲಿ ಕಾಣುವ ನೀಲಿದೀಪಗಳ ಮೂಲ ಇದು.

ಆದರೆ ಇದೇ ಪ್ರಸಂಗದಲ್ಲಿ ಒಂದು ಎಚ್ಚರಿಕೆಯೂ ಅಡಗಿದೆ. ದೀಪದಡಿ ಮಲಗಿಸಿದ ಶಿಶುವಿನ ಚರ್ಮ ಮೊದಲು ತಿಳಿಯಾಗುತ್ತದೆ, ರಕ್ತದಲ್ಲಿ ಬಿಲಿರುಬಿನ್ ಇನ್ನೂ ಹೆಚ್ಚಾಗಿಯೇ ಇರಬಹುದು. ಅದು ಮಿತಿಮೀರಿದರೆ ಮಿದುಳಿಗೆ ಶಾಶ್ವತ ಹಾನಿ. ಆದುದರಿಂದ ಕಣ್ಣು ಸಂದೇಹವನ್ನು ಹುಟ್ಟಿಸಬಲ್ಲುದೇ ಹೊರತು ಅದನ್ನು ಪರಿಹರಿಸಲಾರದು, ತೀರ್ಪು ರಕ್ತಪರೀಕ್ಷೆಯದು. ಹಳದಿ ಛಾಯೆಯ ವಿದ್ಯುದ್ದೀಪದ ಕೆಳಗೆ ಕಾಮಾಲೆಯನ್ನು ಹುಡುಕುವುದಂತೂ ವ್ಯರ್ಥ. ಕಿಟಕಿಯ ಬಳಿ, ಹಗಲಿನ ಬೆಳಕಿನಲ್ಲಿ ನೋಡಬೇಕು. ಶಿಶುವಿನ ಹಣೆಯನ್ನೋ ಎದೆಯನ್ನೋ ಒತ್ತಿ ರಕ್ತವನ್ನು ಸರಿಸಿ, ಅಡಿಯ ಬಣ್ಣವನ್ನು ಪರೀಕ್ಷಿಸಬೇಕು. ದೊಡ್ಡವರಲ್ಲಿ ಕಣ್ಣಿನ ಬಿಳಿಯ ಭಾಗ ನಂಬಿಕೆಗೆ ಹೆಚ್ಚು ಅರ್ಹ. ಕ್ಯಾರೆಟ್ಟನ್ನು ಅತಿಯಾಗಿ ತಿಂದವರ ಅಂಗೈಯೂ ಹಳದಿಯಾಗುವುದುಂಟು. ಅವರ ಕಣ್ಣು ಬೆಳ್ಳಗೇ ಇರುತ್ತದೆ.

ದಾದಿಯರ ಪಠ್ಯಗ್ರಂಥಗಳ ವರ್ಣನೆಗಳು ಬಹುಕಾಲ ಬಿಳಿಯ ಚರ್ಮವನ್ನೇ ಮಾದರಿಯಾಗಿ ಹಿಡಿದು ಬಂದವು. ‘ಕೆಂಪಾಗುತ್ತದೆ’, ‘ನೀಲಿಗಟ್ಟುತ್ತದೆ’ ಎಂಬ ಮಾತುಗಳನ್ನು ನಮ್ಮ ನಾಡಿನ ರೋಗಿಗಳಿಗೆ ಹಾಗೆಯೇ ಅನ್ವಯಿಸುವುದು ಅಪಾಯಕರ. ಕಪ್ಪುಚರ್ಮದಲ್ಲಿ ಉರಿಯೂತವು ನೇರಳೆಯಾಗಿಯೋ ಬೂದುಬಣ್ಣವಾಗಿಯೋ ಕಾಣಬಹುದು, ಕಾಣದೆಯೂ ಇರಬಹುದು. ಆಗ ಮೆಲನಿನ್ ವಿರಳವಾಗಿರುವ ಕಡೆ, ಅಂದರೆ ನಾಲಗೆ, ಕೆಳರೆಪ್ಪೆಯ ಒಳಭಾಗ, ಅಂಗೈ, ಉಗುರಿನ ತಳ ಇವನ್ನು ನೋಡಬೇಕು. ಹಾಸಿಗೆಹುಣ್ಣಿನ ಮೊದಲ ಚಿಹ್ನೆ ಒತ್ತಿದರೂ ಮಾಸದ ಕೆಂಪು. ಅದು ಕಾಣದಿದ್ದಲ್ಲಿ ಸೊಂಟದ ಮೂಳೆಯ ಮೇಲೆ, ಹಿಮ್ಮಡಿಯ ಮೇಲೆ ಕೈಯಿಟ್ಟು ಸುತ್ತಲಿನ ಚರ್ಮಕ್ಕಿಂತ ಬಿಸಿಯೇ, ತಂಪೇ, ಗಟ್ಟಿಯೇ, ಮೆತ್ತಗೆಯೇ ಎಂದು ಹೋಲಿಸಬೇಕು. ನೋವಿದೆಯೇ ಎಂದು ರೋಗಿಯನ್ನೇ ಕೇಳಬೇಕು.

ನೀಲಿಗಟ್ಟುವಿಕೆಯಲ್ಲಿ ಇನ್ನೊಂದು ತೊಡಕಿದೆ. ಸೂಕ್ಷ್ಮನಾಳಗಳ ರಕ್ತದ ಪ್ರತಿ 100 ಮಿಲಿಲೀಟರಿನಲ್ಲಿ ಸುಮಾರು 5 ಗ್ರಾಂ ಹೀಮೊಗ್ಲೋಬಿನ್ ಆಮ್ಲಜನಕವನ್ನು ಕಳೆದುಕೊಂಡಾಗ ನೀಲಿ ಕಾಣಿಸುವುದೆಂಬುದು 1923ರಿಂದ ಪ್ರಸಿದ್ಧವಾದ ಲೆಕ್ಕ. 15 ಗ್ರಾಂ ಇರುವವನಿಗೆ ಇದು ಮೂರನೆಯ ಒಂದು ಪಾಲು. ರಕ್ತಹೀನತೆಯಿಂದ 6 ಗ್ರಾಮಿಗೆ ಇಳಿದ ಹೆಂಗಸಿಗೆ? ಬಹುಮಟ್ಟಿಗೆ ಅಷ್ಟೂ ರಕ್ತ! ಆಕೆ ಉಸಿರಿಗಾಗಿ ಒದ್ದಾಡುತ್ತಿದ್ದರೂ ನೀಲಿಯಾಗಲಾರಳು.

ಯಂತ್ರವಿದೆಯಲ್ಲ ಎನ್ನಬಹುದು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಸುಮಾರು 660 ಮತ್ತು 940 ನ್ಯಾನೋಮೀಟರುಗಳ ಎರಡು ಬೆಳಕುಗಳನ್ನು ಹಾಯಿಸಿ ಆಮ್ಲಜನಕವನ್ನು ಅಳೆಯುತ್ತದೆ. ಅದೂ ಅದೇ ಕಂದುಗಾಜಿನ ಮೂಲಕವೇ ನೋಡಬೇಕಷ್ಟೆ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಂತ್ರವು ಶೇಕಡ 92ರಿಂದ 96 ಎಂದು ತೋರಿಸಿದಾಗ ರಕ್ತಪರೀಕ್ಷೆಯಲ್ಲಿ 88ಕ್ಕಿಂತ ಕೆಳಗೆ ಬಂದ ಅಳತೆಗಳು ಕಪ್ಪು ರೋಗಿಗಳಲ್ಲಿ ನೂರಕ್ಕೆ ಸುಮಾರು 12, ಬಿಳಿಯರಲ್ಲಿ ಸುಮಾರು 4. ಆದುದರಿಂದ ಅಂಕಿ ಚೆನ್ನಾಗಿದ್ದರೂ ರೋಗಿ ಏದುತ್ತಿದ್ದರೆ, ಗಲಿಬಿಲಿಗೊಂಡಿದ್ದರೆ, ದಾದಿಯು ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಿ ವೈದ್ಯರನ್ನು ಕರೆಯತಕ್ಕದ್ದು.