ಸ್ಕೋಪಿನೊಳಗೆ ತಲೆಕೆಳಗಾದ ಲೋಕ

ಸಿನಿಮಾದ ಗುರಿಕಾರ ಬಂದೂಕಿನ ಸ್ಕೋಪಿನ ಮೇಲಿರುವ ತಿರುಪನ್ನು ಕಟಕಟ ತಿರುಗಿಸುತ್ತಾನೆ. ಹೊರಗೆ ಏನೂ ಅಲುಗುವುದಿಲ್ಲ. ಹಾಗಾದರೆ ಒಳಗೆ ಅಲುಗುವುದೇನು? ವಿರೂಪಾಪುರಗಡ್ಡೆಯ ಓದುಗರೊಬ್ಬರು ಕೇಳಿದ್ದಾರೆ. ಅರ್ಧ ಉತ್ತರ ಅವರ ಊರಿನಿಂದ ಹೊಳೆ ದಾಟಿದರೆ ಸಿಗುತ್ತದೆ.

ಹಂಪಿಯ ವಿರೂಪಾಕ್ಷ ಗುಡಿಯ ಹಿಂಬದಿಯಲ್ಲೊಂದು ಕತ್ತಲೆ ಕೋಣೆ. ಸುಮಾರು 50 ಮೀಟರ್ ಎತ್ತರದ ಗೋಪುರ ಅದರ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಪವಾಡವೆಂದು ಕೈ ಮುಗಿಯುವವರಿದ್ದಾರೆ. ಕೈ ಮುಗಿಯಲಿ, ಅಡ್ಡಿಯಿಲ್ಲ. ಆದರೆ ಅದೇ ಕೈಯನ್ನು ಕೋಣೆಗೆ ಬೆಳಕು ಬರುವ ಪುಟ್ಟ ಕಿಂಡಿಗೆ ಅಡ್ಡ ಹಿಡಿದೂ ನೋಡಲಿ. ಗೋಪುರ ಮಾಯ! ತೆಗೆದರೆ ಮತ್ತೆ ಹಾಜರು. ಬೆಳಕು ನೇರ ಸಾಗುತ್ತದೆ, ಅಷ್ಟೇ. ಕಳಶದಿಂದ ಹೊರಟ ಕಿರಣ ಕಿಂಡಿ ದಾಟಿ ಗೋಡೆಯ ಕೆಳಭಾಗಕ್ಕೆ ಬೀಳುತ್ತದೆ, ಕೆಳ ಅಂತಸ್ತಿನದು ಮೇಲಕ್ಕೆ.

ಸ್ಕೋಪಿನ ಮುಂದಿನ ಮಸೂರವೂ ಚಿತ್ರವನ್ನು ಹೀಗೇ ಬುಡಮೇಲು ಮಾಡುತ್ತದೆ. ಅದನ್ನು ನೆಟ್ಟಗೆ ಮಾಡಲು ಕೊಳವೆಯೊಳಗೆ ಇನ್ನೊಂದು ಪುಟ್ಟ ಕೊಳವೆಯಿದೆ, ಅದರಲ್ಲಿ ಬೇರೆ ಮಸೂರಗಳು. ತಿರುಪು ಒತ್ತುವುದು ಈ ಒಳಗೊಳವೆಯನ್ನು. ಎದುರಿನಿಂದ ಸ್ಪ್ರಿಂಗ್ ತಳ್ಳುತ್ತಿರುತ್ತದೆ. ಒಳಗೊಳವೆ ಕೂದಲೆಳೆಯಷ್ಟು ಓರೆಯಾದರೆ ಸಾಕು, ನೋಟದ ಗೆರೆ ಕೆಳಗೆ ಬಾಗುತ್ತದೆ. ಗುರಿಕಾರ ಸ್ಕೋಪಿನಲ್ಲಿ ಕಾಣುವ ಅಡ್ಡಗೆರೆಯನ್ನು ಮತ್ತೆ ಗುರಿಗೆ ಕೂಡಿಸುವಾಗ, ತನಗರಿವಿಲ್ಲದೆ ನಳಿಗೆಯನ್ನು ಮೇಲೆತ್ತಿರುತ್ತಾನೆ.

ಎತ್ತುವುದೇಕೆ? ಗುಂಡು ಗೆರೆ ಎಳೆದಂತೆ ನೇರ ಹೋಗುತ್ತದೆಂಬುದು ಬರೀ ಭ್ರಮೆ. ನಳಿಗೆ ಬಿಟ್ಟ ಕ್ಷಣದಿಂದಲೇ ಭೂಮಿ ಅದನ್ನು ಎಳೆಯುತ್ತದೆ. ಸೆಕೆಂಡಿಗೆ 800 ಮೀಟರ್ ವೇಗದ ಗುಂಡು, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ, 300 ಮೀಟರ್ ಸಾಗುವಷ್ಟರಲ್ಲಿ ಸುಮಾರು 70 ಸೆಂಟಿಮೀಟರ್ ಕುಸಿದಿರುತ್ತದೆ. ಗಾಳಿ ಸೇರಿದರೆ ಇನ್ನೂ ಹೆಚ್ಚು. ಸ್ಕೋಪನ್ನು ಮೊದಲು 100 ಮೀಟರಿಗೆ ಹೊಂದಿಸಿಕೊಂಡು, ಮುಂದಿನ ದೂರಗಳಿಗೆ ತಿರುಪಿನ 'ಕಟಕ್'ಗಳನ್ನು ಎಣಿಸುತ್ತಾರೆ. ಸಾಮಾನ್ಯ ಬಗೆಯೊಂದರಲ್ಲಿ ಒಂದು ಕಟಕ್‌ಗೆ ಗುಂಡು ತಾಗುವ ಜಾಗ 100 ಮೀಟರಿನಲ್ಲಿ 1 ಸೆಂಟಿಮೀಟರ್ ಸರಿಯುತ್ತದೆ, 300ರಲ್ಲಿ 3.

ಸ್ಕೋಪ್ ಕೂರಿಸುವಾಗಲೇ ವಾಲಿದ್ದರೆ ಈ ಲೆಕ್ಕವೆಲ್ಲ ಕೆಡುತ್ತದೆ: ಮೇಲಕ್ಕೆಂದು ತಿರುಗಿಸಿದ್ದು ಪಕ್ಕಕ್ಕೂ ಸರಿಸುತ್ತದೆ. ಅದಕ್ಕೆಂದೇ ಗಾರೆಯವರ ತೂಕದ ಗುಂಡನ್ನು ದೂರದಲ್ಲಿ ಇಳಿಬಿಟ್ಟು, ಅದರ ದಾರಕ್ಕೆ ಸ್ಕೋಪಿನ ನಿಲುಗೆರೆಯನ್ನು ಹೊಂದಿಸುವುದುಂಟು.

ಬಂದೂಕಿಗೆ ಲೈಸೆನ್ಸ್ ಬೇಕು, ಬೆಳಕಿಗೆ ಬೇಡ. ಬಿಸಿಲು ಜೋರಿದ್ದಾಗ ಕೋಣೆಯ ಕಿಟಕಿಗಳಿಗೆಲ್ಲ ದಪ್ಪ ರಟ್ಟು ಮುಚ್ಚಿ, ಒಂದರಲ್ಲಿ ಕಡಲೆಕಾಳಿನಷ್ಟು ತೂತು ಮಾಡಿ, ಎದುರು ಬಿಳಿ ಹಾಳೆ ಹಿಡಿಯಿರಿ. ಮಕ್ಕಳನ್ನೂ ಕರೆಯಿರಿ, ಪವಾಡವನ್ನು ಅವರೇ ಮಾಡಲಿ.