ಹಿರಿಯ ನಾಗರಿಕರಲ್ಲಿ ಯಕೃತ್ತಿನ ದೊಡ್ಡ ಗಡ್ಡೆ: ಶಸ್ತ್ರಚಿಕಿತ್ಸೆಯ ಕುರಿತು ಮಾಹಿತಿ

1. ಪೀಠಿಕೆ
ಯಕೃತ್ತಿನಲ್ಲಿ ದೊಡ್ಡ ಗಡ್ಡೆ ಪತ್ತೆಯಾದ ರೋಗಿಯು 70 ವರ್ಷ ಮೀರಿದವರಾಗಿದ್ದಲ್ಲಿ, ತಜ್ಞರನ್ನು ಕಾಣುವ ಮೊದಲೇ "ಈ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಬೇಡ" ಎಂದು ಕುಟುಂಬದವರು ತೀರ್ಮಾನಿಸುವುದುಂಟು. ಆದರೆ ವಯಸ್ಸೊಂದೇ ಶಸ್ತ್ರಚಿಕಿತ್ಸೆಗೆ ಅಡ್ಡಿಯಲ್ಲ. ರೋಗಿಯ ಒಟ್ಟು ದೇಹಸ್ಥಿತಿ, ಕಾಯಿಲೆಯ ವ್ಯಾಪ್ತಿ ಹಾಗೂ ಗಡ್ಡೆ ತೆಗೆದ ನಂತರ ಉಳಿಯುವ ಯಕೃತ್ತಿನ ಪ್ರಮಾಣ ಮತ್ತು ಗುಣಮಟ್ಟ ಇಲ್ಲಿ ನಿರ್ಣಾಯಕವಾಗಿರುತ್ತವೆ.

2. ದೊಡ್ಡ ಗಡ್ಡೆ ಎಂದರೇನು?
ಸಾಮಾನ್ಯವಾಗಿ 5 ಸೆಂ.ಮೀ.ಗಿಂತ ಹೆಚ್ಚಿನ ಅಳತೆಯ ಗಡ್ಡೆಯನ್ನು ದೊಡ್ಡದೆಂದೂ, 10 ಸೆಂ.ಮೀ. ಮೀರಿದ್ದನ್ನು ಅತಿ ದೊಡ್ಡದೆಂದೂ ಪರಿಗಣಿಸಲಾಗುತ್ತದೆ. ಎಲ್ಲ ಗಡ್ಡೆಗಳೂ ಕ್ಯಾನ್ಸರ್ ಅಲ್ಲ. ರಕ್ತನಾಳಗಳಿಂದ ಉಂಟಾಗುವ ಹೆಮಾಂಜಿಯೋಮಾ ಎಂಬ ಗಡ್ಡೆಯು ತೊಂದರೆ ಕೊಡದಿದ್ದಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ಅಗತ್ಯವಿರುವುದಿಲ್ಲ. ಹೆಪಟೈಟಿಸ್ ಬಿ ಮತ್ತು ಸಿ ಸೋಂಕು, ಮದ್ಯಪಾನ ಹಾಗೂ ಯಕೃತ್ತಿನಲ್ಲಿ ಕೊಬ್ಬು ಶೇಖರಣೆ, ಇವು ಯಕೃತ್ತಿನ ಕ್ಯಾನ್ಸರಿಗೆ ಪ್ರಮುಖ ಕಾರಣಗಳಾಗಿವೆ. ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಹಾಗೂ ಎ.ಎಫ್.ಪಿ. ರಕ್ತಪರೀಕ್ಷೆಗಳು ಗಡ್ಡೆಯ ಸ್ವರೂಪ ತಿಳಿಯಲು ನೆರವಾಗುತ್ತವೆ.

3. ಶಸ್ತ್ರಚಿಕಿತ್ಸೆಯನ್ನು ಪರಿಗಣಿಸುವುದೇಕೆ?
ಶಾಖದಿಂದ ಗಡ್ಡೆಯನ್ನು ನಾಶಪಡಿಸುವ ವಿಧಾನವು ಸುಮಾರು 3 ಸೆಂ.ಮೀ.ವರೆಗಿನ ಗಡ್ಡೆಗಳಲ್ಲಿ ಹೆಚ್ಚು ಫಲಕಾರಿ. ಯಕೃತ್ತಿನ ಕಸಿಗೆ 1996ರಲ್ಲಿ ಪ್ರಕಟವಾದ ಮಿಲಾನ್ ಮಾನದಂಡದ ಪ್ರಕಾರ, ಒಂದೇ ಗಡ್ಡೆಯಿದ್ದಲ್ಲಿ ಅದು 5 ಸೆಂ.ಮೀ. ಮೀರಿರಬಾರದು. ಆದ್ದರಿಂದ ದೊಡ್ಡ ಗಡ್ಡೆಯಿರುವವರಲ್ಲಿ ಗುಣಪಡಿಸುವ ಉದ್ದೇಶದ ಪ್ರಮುಖ ಮಾರ್ಗವೆಂದರೆ ಗಡ್ಡೆಯಿರುವ ಭಾಗವನ್ನು ಕತ್ತರಿಸಿ ತೆಗೆಯುವುದು.

4. ಉಳಿಯುವ ಯಕೃತ್ತಿನ ಲೆಕ್ಕ
ಯಕೃತ್ತಿಗೆ ಮತ್ತೆ ಬೆಳೆಯುವ ಶಕ್ತಿಯಿದೆ. ಆರೋಗ್ಯವಂತ ಯಕೃತ್ತಿನಲ್ಲಿ ಶೇ. 20 ರಿಂದ 25ರಷ್ಟು ಭಾಗ ಉಳಿದರೂ ಸಾಕಾಗಬಹುದು. ಸಿರೋಸಿಸ್ ಇದ್ದಲ್ಲಿ ಸುಮಾರು ಶೇ. 40ರಷ್ಟು ಉಳಿಯಬೇಕು. ಇದು ಸಾಲದೆ ಬರುವಂತಿದ್ದಲ್ಲಿ, ಗಡ್ಡೆಯಿರುವ ಭಾಗಕ್ಕೆ ಹೋಗುವ ಪೋರ್ಟಲ್ ರಕ್ತನಾಳದ ಕವಲನ್ನು ಮುಂಚಿತವಾಗಿ ಮುಚ್ಚಿ, ಉಳಿಯುವ ಭಾಗವು ಬೆಳೆಯಲು ಕೆಲವು ವಾರಗಳ ಕಾಲ ಕಾಯಲಾಗುತ್ತದೆ. ಈ ಅವಧಿಯನ್ನು ಅನಗತ್ಯ ವಿಳಂಬವೆಂದು ಭಾವಿಸಬಾರದು.

5. ಹಿರಿಯರಲ್ಲಿ ವಿಶೇಷ ಎಚ್ಚರಿಕೆ
(ಅ) ಹೃದಯ, ಶ್ವಾಸಕೋಶ ಮತ್ತು ಮೂತ್ರಪಿಂಡಗಳ ತಪಾಸಣೆ ಅಗತ್ಯ.
(ಆ) ಸಕ್ಕರೆ ಕಾಯಿಲೆ, ರಕ್ತದೊತ್ತಡ ಹಾಗೂ ರಕ್ತ ತೆಳುವಾಗಿಸುವ ಮಾತ್ರೆಗಳ ವಿವರವನ್ನು ತಪ್ಪದೇ ತಿಳಿಸಬೇಕು. ಮಾತ್ರೆಗಳನ್ನು ಸ್ವತಃ ನಿಲ್ಲಿಸಬಾರದು.
(ಇ) ಶಸ್ತ್ರಚಿಕಿತ್ಸೆಗೆ ಮುನ್ನ ಪೌಷ್ಟಿಕ ಆಹಾರ ಮತ್ತು ಶಕ್ತ್ಯಾನುಸಾರ ನಡಿಗೆ ಚೇತರಿಕೆಗೆ ಸಹಕಾರಿ.

ರಕ್ತಸ್ರಾವ, ಸೋಂಕು, ಪಿತ್ತರಸ ಸೋರಿಕೆ ಮತ್ತು ಯಕೃತ್ತಿನ ವೈಫಲ್ಯ ಈ ಶಸ್ತ್ರಚಿಕಿತ್ಸೆಯ ಪ್ರಮುಖ ಅಪಾಯಗಳು. ಕಾಯಿಲೆ ಮರುಕಳಿಸುವ ಸಾಧ್ಯತೆಯೂ ಇರುವುದರಿಂದ ನಿಯಮಿತ ತಪಾಸಣೆ ಕಡ್ಡಾಯ. ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವಿಕೆ ಅಥವಾ ತೀವ್ರ ನಿಶ್ಶಕ್ತಿ ಇದ್ದವರಿಗೆ ಶಸ್ತ್ರಚಿಕಿತ್ಸೆ ಹಿತಕರವಾಗದೇ ಇರಬಹುದು. ಅಂಥವರಿಗೆ ಸ್ಥಿತಿಗನುಗುಣವಾಗಿ ಗಡ್ಡೆಯ ರಕ್ತನಾಳದೊಳಗೆ ಔಷಧ ನೀಡುವುದು, ಇತರ ಔಷಧ ಚಿಕಿತ್ಸೆ ಅಥವಾ ನೋವು ಶಮನದ ಆರೈಕೆಯನ್ನು ಸೂಚಿಸಲಾಗುತ್ತದೆ. ಅಂತಿಮ ನಿರ್ಧಾರದಲ್ಲಿ ರೋಗಿಯ ಇಚ್ಛೆಗೆ ಪ್ರಥಮ ಸ್ಥಾನವಿರಬೇಕು.

6. ಸರ್ಕಾರದ ನೆರವು
2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ, ಬಿ.ಪಿ.ಎಲ್. ಕುಟುಂಬಗಳಿಗೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ. ಇತರ ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವಾರ್ಷಿಕ ರೂ. 1.5 ಲಕ್ಷದ ಮಿತಿಯೊಳಗೆ ಭರಿಸಲಾಗುತ್ತದೆ. ಪಡಿತರ ಚೀಟಿ ಮತ್ತು ಆಧಾರ್ ಕಾರ್ಡಿನೊಂದಿಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಭೇಟಿ ನೀಡತಕ್ಕದ್ದು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ಶಿಫಾರಸು ಪತ್ರ ಪಡೆದು ನೋಂದಾಯಿತ ಆಸ್ಪತ್ರೆಗೆ ತೆರಳಬಹುದು. ಸೂಚಿಸಲಾದ ಶಸ್ತ್ರಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂಬುದನ್ನು ದಾಖಲಾಗುವ ಮುನ್ನವೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಖಚಿತಪಡಿಸಿಕೊಳ್ಳಬೇಕು.

ಸ್ಕ್ಯಾನ್ ಚಿತ್ರಗಳು ಮತ್ತು ಹಿಂದಿನ ಎಲ್ಲ ವರದಿಗಳನ್ನು ಜೋಪಾನವಾಗಿ ಇಟ್ಟುಕೊಂಡು, ಕಾಲಹರಣ ಮಾಡದೆ ತಜ್ಞರ ಅಭಿಪ್ರಾಯ ಪಡೆಯುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.