ಬಾಗಿಯೂ ಮುರಿಯದವರು

ಗುರುವಿಲ್ಲದೆ, ದೇವಾಲಯವಿಲ್ಲದೆ ಒಂದು ಮತವು ಎಷ್ಟು ಕಾಲ ಬದುಕಬಲ್ಲದು? ಜಪಾನ್ ದೇಶದ ನಾಗಸಾಕಿ ಪ್ರಾಂತದ ಬಡ ಒಕ್ಕಲಿಗರು ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತಿರುವರು.

೧೬೧೪ರಲ್ಲಿ ಆ ದೇಶದ ಪ್ರಭುಗಳು ಕ್ರೈಸ್ತಮತವನ್ನು ನಿಷೇಧಿಸಿ ಪಾದ್ರಿಗಳನ್ನು ಹೊರದೂಡಿದರು. ಕೆಲಕಾಲದ ಮೇಲೆ ಇನ್ನೊಂದು ಕಟ್ಟಳೆಯು ಬಂದಿತು: ಪ್ರಜೆಗಳು ಕ್ರಿಸ್ತನ ಇಲ್ಲವೆ ಮರಿಯಮ್ಮನ ಬಿಂಬವನ್ನು ತುಳಿದು ತೋರಿಸಬೇಕು. ಒಲ್ಲೆನೆಂದವರಿಗೆ ಚಿತ್ರಹಿಂಸೆ, ಮರಣ. ಹಲವರು ಪ್ರಾಣವನ್ನೇ ತೆತ್ತರು. ಉಳಿದವರು ತುಳಿದರು, ಆದರೆ ಮನೆಗೆ ಬಂದು ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿಕೊಳ್ಳುತ್ತಿದ್ದರು. ಹೊರಗೆ ಬೌದ್ಧರಂತೆ ನಡೆದು, ಕನ್ನೊನ್ ದೇವಿಯ ಮೂರ್ತಿಯಲ್ಲಿ ಮರಿಯಮ್ಮನನ್ನು ಕಂಡರು. ಊರ ಹಿರಿಯನೇ ಶಿಶುಗಳಿಗೆ ಜ್ಞಾನಸ್ನಾನ ಮಾಡಿಸುವನು. ಅರ್ಥವು ಮಾಸಿದ ಲ್ಯಾಟಿನ್ ಪ್ರಾರ್ಥನೆಗಳು ಬಾಯಿಂದ ಬಾಯಿಗೆ ಸಾಗಿದವು. ವೇದವನ್ನು ಕಂಠದಲ್ಲಿಯೇ ಉಳಿಸಿಕೊಂಡ ನಾಡಿನವರಾದ ನಮಗೆ ಈ ಶ್ರಮದ ಬೆಲೆಯು ತಿಳಿಯದ್ದಲ್ಲ.

ಹೀಗೆ ಪಾದ್ರಿಗಳಿಲ್ಲದೆ ಇನ್ನೂರು ವರ್ಷಗಳಿಗೂ ಮಿಕ್ಕು ಕಳೆದವು. ೧೮೬೫ನೆಯ ಮಾರ್ಚಿ ೧೭ರಂದು, ನಾಗಸಾಕಿಯಲ್ಲಿ ವಿದೇಶೀಯರಿಗಾಗಿ ಕಟ್ಟಿದ್ದ ಹೊಸ ದೇವಾಲಯಕ್ಕೆ ಉರಕಾಮಿ ಹಳ್ಳಿಯ ಕೆಲವರು ಬಂದರು. ಅವರಲ್ಲೊಬ್ಬ ಹೆಂಗಸು, ತಮ್ಮ ಹೃದಯವೂ ನಿಮ್ಮದೂ ಒಂದೇ ಎಂದು ಫ್ರೆಂಚ್ ಪಾದ್ರಿ ಪೆತಿಜಾನರಿಗೆ ಮೆಲ್ಲನೆ ತಿಳಿಸಿ, ಮರಿಯಮ್ಮನ ಮೂರ್ತಿಯು ಎಲ್ಲಿರುವುದೆಂದು ಕೇಳಿದಳು.

ಕಷ್ಟವು ಅಲ್ಲಿಗೇ ಮುಗಿಯಲಿಲ್ಲ. ೧೮೬೭ರಲ್ಲಿ ಮತ್ತೆ ಸೆರೆ. ಬಳಿಕ ಉರಕಾಮಿಯ ೩,೦೦೦ಕ್ಕೂ ಮಿಕ್ಕ ಜನರ ಗಡೀಪಾರು. ಅವರಲ್ಲಿ ಸುಮಾರು ೬೦೦ ಮಂದಿ ಮಡಿದರು. ೧೮೭೩ರಲ್ಲಿ ನಿಷೇಧದ ಫಲಕಗಳು ಇಳಿದ ಮೇಲೆ ಉಳಿದವರು ಊರಿಗೆ ಮರಳಿದರು.

ಪ್ರಾಣವಿತ್ತವರನ್ನು ಲೋಕವು ಕೊಂಡಾಡುವುದು ಯುಕ್ತವೇ. ಆದರೆ ಹಗಲು ಬಾಗಿ ಇರುಳು ಕಣ್ಣೀರಿಟ್ಟು, ಮಕ್ಕಳ ಕಿವಿಯಲ್ಲಿ ಪ್ರಾರ್ಥನೆಯನ್ನು ಉಸಿರಿದ ತಾಯಂದಿರು ಇಲ್ಲದಿದ್ದರೆ, ಅಂದು ಆ ದೇವಾಲಯದ ಬಾಗಿಲಿಗೆ ಬರುವವರು ಯಾರಿರುತ್ತಿದ್ದರು?